ತಗ್ಗಿಸಿದ ಪಿಕಪ್‌ಗೆ ಎಂಥ ಶಾಕ್ ಅಬ್ಸಾರ್ಬರ್?

ಹಳೆಯ ಪಿಕಪ್ ವಾಹನದ ಎತ್ತರ ತಗ್ಗಿದಾಗ ಮೊದಲು ಅಳತೆ ತಪ್ಪುವ ಬಿಡಿಭಾಗ ಮುಂಗಾಲಿಗಳ ಶಾಕ್ ಅಬ್ಸಾರ್ಬರ್. ಅಮೆರಿಕದಲ್ಲಿ ಷೆವ್ರೊಲೆ ಸಿ-10ರಂಥ ಹಳೆಯ ಪಿಕಪ್‌ಗಳನ್ನು ಅಂದಕ್ಕಾಗಿ ತಗ್ಗಿಸುವ ಹವ್ಯಾಸ ದೊಡ್ಡದು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆ ವಾಹನ ತಗ್ಗುವುದಕ್ಕೆ ಇನ್ನೊಂದು ಕಾರಣವೂ ಉಂಟು. ವರ್ಷಗಟ್ಟಲೆ ತೊಗರಿ ಚೀಲ, ಕಬ್ಬು, ಗೊಬ್ಬರ ಹೊತ್ತ ಜೀಪ್ ಮಾದರಿಯ ಪಿಕಪ್ಪಿನ ಕಮಾನು ಪಟ್ಟಿಗಳು ಬಾಗು ಕಳೆದುಕೊಂಡು ಚಪ್ಪಟೆಯಾಗುತ್ತವೆ. ಈ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಸೋತ ಪಟ್ಟಿಗೆ ಮದ್ದು ಹೊಸ ಶಾಕ್ ಅಬ್ಸಾರ್ಬರ್ ಅಲ್ಲ, ಹೊಸ ಪಟ್ಟಿ ಅಥವಾ ಮತ್ತೆ ಬಾಗು ಕೊಡಿಸಿದ ಪಟ್ಟಿ. ಬೇಕೆಂದೇ ತಗ್ಗಿಸಿದ ವಾಹನಕ್ಕೆ ಮಾತ್ರ ಹೊಸ ಅಳತೆಯ ಶಾಕ್ ಅಬ್ಸಾರ್ಬರ್ ಹುಡುಕುವುದು ಸರಿ.

ಶಾಕ್ ಅಬ್ಸಾರ್ಬರ್ ವಾಹನದ ಭಾರ ಹೊರುವುದಿಲ್ಲ. ಆ ಕೆಲಸ ಸ್ಪ್ರಿಂಗ್ ಅಥವಾ ಕಮಾನು ಪಟ್ಟಿಯದು. ಗುಂಡಿಗೆ ಬಿದ್ದ ಚಕ್ರ ಮೇಲೆದ್ದಾಗ ಸ್ಪ್ರಿಂಗು ಒತ್ತಿಕೊಂಡು ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಮರುಕ್ಷಣ ಅದನ್ನು ಹಿಂದಿರುಗಿಸುತ್ತದೆ. ತಡೆಯುವವರಿಲ್ಲದಿದ್ದರೆ ವಾಹನ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಶಾಕ್ ಅಬ್ಸಾರ್ಬರಿನೊಳಗಿನ ಪಿಸ್ಟನ್ ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ದೂಡುತ್ತದೆ. ಈ ತಿಕ್ಕಾಟದಲ್ಲಿ ಚಲನೆಯ ಶಕ್ತಿ ಶಾಖವಾಗಿ ಗಾಳಿಗೆ ಸೇರುತ್ತದೆ. ಹೀಗಾಗಿ ಅದರ ಪ್ರತಿರೋಧ ಎಷ್ಟು ದೂರ ಚಲಿಸಿತು ಎಂಬುದಕ್ಕಿಂತ ಎಷ್ಟು ವೇಗವಾಗಿ ಚಲಿಸಿತು ಎಂಬುದನ್ನು ಅವಲಂಬಿಸಿದೆ. ಸಾಮಾನ್ಯವಾಗಿ ಒತ್ತಿಕೊಳ್ಳುವಾಗಿನ ಪ್ರತಿರೋಧಕ್ಕಿಂತ ಹಿಗ್ಗುವಾಗಿನ ಪ್ರತಿರೋಧವನ್ನು ಹೆಚ್ಚಿಗೆ ಇಟ್ಟಿರುತ್ತಾರೆ, ಏಕೆಂದರೆ ಸ್ಪ್ರಿಂಗಿನ ಹಿನ್ನೆಗೆತವನ್ನು ಹಿಡಿದು ನಿಲ್ಲಿಸುವುದೇ ಅದರ ಮುಖ್ಯ ಕೆಲಸ.

ಆಯ್ಕೆಗೆ ಮುನ್ನ ವಾಹನವನ್ನು ಯಾವ ವಿಧಾನದಲ್ಲಿ ತಗ್ಗಿಸಲಾಗಿದೆ ಎಂಬುದು ತಿಳಿದಿರಬೇಕು. ಚಕ್ರದ ಸ್ಪಿಂಡಲನ್ನೇ ಮೇಲಕ್ಕೆ ಸರಿಸಿ ಮಾಡಿದ ಸ್ಟಬ್ ಆಕ್ಸಲ್ ಹಾಕಿದರೆ, ಅಥವಾ ತುದಿಗಳು ಮೇಲೆದ್ದ ಆಕ್ಸಲ್ ಜೋಡಿಸಿದರೆ, ಶಾಕ್ ಅಬ್ಸಾರ್ಬರಿನ ಎರಡು ತುದಿಗಳ ನಡುವಿನ ಅಂತರ ಬದಲಾಗುವುದಿಲ್ಲ. ಆಗ ಮೂಲ ಉದ್ದದ್ದೇ ಸಾಕು. ಗಿಡ್ಡ ಸ್ಪ್ರಿಂಗ್ ಹಾಕಿದ್ದರೆ ಅಥವಾ ಕಮಾನು ಪಟ್ಟಿಯ ಬಾಗು ಇಳಿಸಿದ್ದರೆ ಶಾಕ್ ಅಬ್ಸಾರ್ಬರು ನಿಂತಲ್ಲೇ ಅರ್ಧಕ್ಕಿಂತ ಹೆಚ್ಚು ಒತ್ತಿಕೊಂಡಿರುತ್ತದೆ. ಗಿಡ್ಡದು ಬೇಕಾಗುವುದು ಇಲ್ಲಿ.

ಒಂದು ಲೆಕ್ಕ ನೋಡಬಹುದು. ಪೂರ್ಣ ಹಿಗ್ಗಿದಾಗ 38 ಸೆಂ.ಮೀ., ಪೂರ್ಣ ಒತ್ತಿದಾಗ 25 ಸೆಂ.ಮೀ. ಉದ್ದದ ಶಾಕ್ ಅಬ್ಸಾರ್ಬರು ವಾಹನ ನಿಂತಾಗ 32 ಸೆಂ.ಮೀ. ಇದೆ ಎಂದಿರಲಿ. ಒತ್ತಿಕೊಳ್ಳಲು ಅದಕ್ಕೆ 7 ಸೆಂ.ಮೀ. ಅವಕಾಶವಿದೆ. ವಾಹನ ತಗ್ಗಿ ಈ ಅಂತರ 29 ಸೆಂ.ಮೀ.ಗೆ ಇಳಿದರೆ ಉಳಿಯುವುದು 4 ಸೆಂ.ಮೀ. ಮಾತ್ರ. ಅಂಥದ್ದು ದೊಡ್ಡ ಗುಂಡಿ ಬಂದಾಗ, ಚಕ್ರದ ಏರಿಕೆಗೆ ಕೊನೆಯ ತಡೆಯಾದ ಬಂಪ್ ಸ್ಟಾಪ್ ರಬ್ಬರಿಗೂ ಮೊದಲೇ ತಳ ಮುಟ್ಟುತ್ತದೆ. ಒಳಗಿನ ಕವಾಟ ಒಡೆಯುತ್ತದೆ, ಇಲ್ಲವೇ ಚಾಸಿಯ ಮೇಲಿನ ಬ್ರಾಕೆಟ್ ಬಿರುಕು ಬಿಡುತ್ತದೆ.

ಆದ್ದರಿಂದ ಹಳೆಯದನ್ನು ಬಿಚ್ಚಿ ಅದರ ಎರಡು ಬೋಲ್ಟ್‌ಗಳ ನಡುವಿನ ಅಂತರವನ್ನು ಮೂರು ಸ್ಥಿತಿಯಲ್ಲಿ ಅಳೆಯಬೇಕು. ಮೊದಲನೆಯದು ವಾಹನ ಸಮತಟ್ಟಾದ ನೆಲದಲ್ಲಿ ತನ್ನ ಭಾರದ ಮೇಲೆ ನಿಂತಾಗ. ಎರಡನೆಯದು ಚಾಸಿಯನ್ನು ಜ್ಯಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಚಕ್ರ ಪೂರ್ತಿ ಜೋತುಬಿದ್ದಾಗ. ಮೂರನೆಯದು ಬಂಪ್ ಸ್ಟಾಪ್ ರಬ್ಬರ್ ಪೂರ್ತಿ ಒತ್ತಿಕೊಳ್ಳುವ ಮಟ್ಟಕ್ಕೆ ಚಕ್ರ ಮೇಲೇರಿದಾಗ. ಕೊಳ್ಳುವ ಶಾಕ್ ಅಬ್ಸಾರ್ಬರಿನ ಪೂರ್ಣ ಒತ್ತಿದ ಉದ್ದ ಮೂರನೆಯ ಅಳತೆಗಿಂತ ಒಂದೆರಡು ಸೆಂ.ಮೀ. ಕಡಿಮೆಯೂ, ಪೂರ್ಣ ಹಿಗ್ಗಿದ ಉದ್ದ ಎರಡನೆಯದಕ್ಕಿಂತ ತುಸು ಹೆಚ್ಚೂ ಇರಬೇಕು. ನಿಂತ ಎತ್ತರದಲ್ಲಿ ಅದು ತನ್ನ ಚಲನೆಯ ನಡುಭಾಗದ ಆಸುಪಾಸಿನಲ್ಲಿರುವುದು ಒಳ್ಳೆಯದು. ತುದಿಯ ಕಣ್ಣು, ಬುಷ್, ಬೋಲ್ಟಿನ ದಪ್ಪ ಹೊಂದುವುದು ಇದೆಲ್ಲ ಆದ ಮೇಲಿನ ಮಾತು.

ಜೋಡಿಸಿದ ಜಾಗವೂ ಮುಖ್ಯ. ವಿಷ್‌ಬೋನ್ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು) ಇರುವ ವಾಹನದಲ್ಲಿ ಕೆಳತೋಳಿನ ಕೀಲಿಗೂ ಚಕ್ರಕ್ಕೂ ನಡುಮಧ್ಯದಲ್ಲಿ ಶಾಕ್ ಅಬ್ಸಾರ್ಬರ್ ಕೂತಿದ್ದರೆ, ಚಕ್ರ 10 ಸೆಂ.ಮೀ. ಏರಿದಾಗ ಅದು 5 ಸೆಂ.ಮೀ. ಮಾತ್ರ ಚಲಿಸುತ್ತದೆ. ಚಕ್ರದ ಬಳಿಯೇ ಇದ್ದಿದ್ದರೆ ಬೇಕಾಗುತ್ತಿದ್ದುದರ 4 ಪಟ್ಟು ಪ್ರತಿರೋಧ ಅದಕ್ಕೆ ಬೇಕಾಗುತ್ತದೆ. ಓರೆಯಾದಷ್ಟೂ ಪರಿಣಾಮ ಕುಗ್ಗುತ್ತದೆ. ನೆಟ್ಟಗಿನ ಸ್ಥಿತಿಯಿಂದ 45 ಡಿಗ್ರಿ ಓರೆಯಾದರೆ ಅರ್ಧದಷ್ಟೇ ಉಳಿಯುತ್ತದೆ. ವಾಹನ ತಗ್ಗಿದಾಗ ಓರೆಯೂ ಹೆಚ್ಚುವುದುಂಟು, ಅದಕ್ಕೆ ಮೇಲಿನ ಬ್ರಾಕೆಟ್ಟಿನ ಜಾಗವನ್ನೂ ಪರೀಕ್ಷಿಸಬೇಕು.

ಬಗೆಗಳು ಮುಖ್ಯವಾಗಿ ಎರಡು. ಎರಡು ಕೊಳವೆಯದರಲ್ಲಿ ಒಳಕೊಳವೆಯಲ್ಲಿ ಪಿಸ್ಟನ್, ಹೊರಕೊಳವೆಯಲ್ಲಿ ಹೆಚ್ಚುವರಿ ಎಣ್ಣೆ. ಬೆಲೆ ಕಡಿಮೆ, ಹೊರಗೋಡೆ ತಗ್ಗು ಬಿದ್ದರೂ ಪಿಸ್ಟನ್ ಓಡುತ್ತದೆ. ಆದರೆ ಬಿಡುವಿಲ್ಲದೆ ಕುಲುಕಿದಾಗ ಎಣ್ಣೆಗೆ ಗಾಳಿ ಬೆರೆತು ನೊರೆಯೇಳುತ್ತದೆ, ಪ್ರತಿರೋಧ ಇಳಿಯುತ್ತದೆ. ಕಡಿಮೆ ಒತ್ತಡದ ನೈಟ್ರೋಜನ್ ತುಂಬಿದವುಗಳಲ್ಲಿ ಈ ತೊಂದರೆ ಕಡಿಮೆ. ಒಂದೇ ಕೊಳವೆಯ ಬಗೆಯಲ್ಲಿ ತೇಲುವ ಪಿಸ್ಟನ್ನಿನ ಆಚೆ ಹೆಚ್ಚಿನ ಒತ್ತಡದ ನೈಟ್ರೋಜನ್ ಇರುತ್ತದೆ. ಎಣ್ಣೆಯ ಬಿಸಿ ನೇರವಾಗಿ ಗೋಡೆಯಿಂದ ಗಾಳಿಗೆ ಹೋಗುವುದರಿಂದ ಕೆಲಸ ಏಕರೂಪವಾಗಿರುತ್ತದೆ. ಕಲ್ಲು ಬಡಿದು ಗೋಡೆ ತಗ್ಗಾದರೆ ಮಾತ್ರ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಇದರ ಅನಿಲ ಪಿಸ್ಟನ್ನಿನ ಕಡ್ಡಿಯನ್ನು ಸದಾ ಹೊರದೂಡುತ್ತದೆ. 12 ಮಿ.ಮೀ. ಕಡ್ಡಿಗೆ 20 ಬಾರ್ ಒತ್ತಡವಿದ್ದರೆ ಆ ದೂಡುವಿಕೆ ಸುಮಾರು 23 ಕೆ.ಜಿ. ಭಾರಕ್ಕೆ ಸಮ. ಹಗುರ ಮುಂಭಾಗದ ಎತ್ತರ ಇದರಿಂದ ತುಸು ಏರಬಹುದು.

ಇನ್ನು ಎಷ್ಟು ಬಿಗಿಯಾಗಿರಬೇಕು ಎಂಬ ಪ್ರಶ್ನೆ. ತಗ್ಗಿದ ವಾಹನಕ್ಕೆ ಚಲಿಸಲು ಜಾಗ ಕಡಿಮೆ, ಹಾಗಾಗಿ ಸ್ಪ್ರಿಂಗ್ ಗಟ್ಟಿಯಾಗಿರುತ್ತದೆ. ಸ್ಪ್ರಿಂಗ್ ಎರಡು ಪಟ್ಟು ಗಟ್ಟಿಯಾದರೆ ಶಾಕ್ ಅಬ್ಸಾರ್ಬರು ಸುಮಾರು 1.4 ಪಟ್ಟು ಬಿಗಿಯಾದರೆ ಸಾಕು. ಅದಕ್ಕಿಂತ ಬಿಗಿಯಾದರೆ ಚಿಕ್ಕ ಗುಂಡಿಗಳ ಏಟು ನೇರವಾಗಿ ಚಾಸಿಗೆ ಬೀಳುತ್ತದೆ, ಸಾಲು ಗುಂಡಿಗಳಲ್ಲಿ ಚಕ್ರ ನೆಲಕ್ಕಿಳಿಯುವಷ್ಟರಲ್ಲಿ ಮುಂದಿನ ಗುಂಡಿ ಬಂದಿರುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಮಣ್ಣು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿರುವ ಜೇಡಿ ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಇಂಥ ನೆಲದ ಮೇಲೆ ಹಾಸಿದ ಡಾಂಬರು ರಸ್ತೆಯಲ್ಲಿ ಗುಂಡಿಗಳ ಜೊತೆಗೆ ಉದ್ದನೆಯ ಅಲೆಗಳೂ ಏಳುತ್ತವೆ. 12 ಮೀಟರಿಗೊಂದರಂತೆ ಬರುವ ಅಲೆಗಳ ಮೇಲೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ ವಾಹನ ಸೆಕೆಂಡಿಗೆ ಸುಮಾರು 1.4 ಸಲ ಏರಿಳಿಯುತ್ತದೆ. ಸ್ಪ್ರಿಂಗುಗಳ ಮೇಲೆ ಕೂತ ಒಡಲಿನ ಸಹಜ ಕಂಪನವೂ ಸೆಕೆಂಡಿಗೆ 1ರಿಂದ 2ರ ನಡುವೆಯೇ ಇರುವುದರಿಂದ ಕುಣಿತ ಅಲೆಯಿಂದ ಅಲೆಗೆ ಬೆಳೆಯುತ್ತದೆ. ಇದನ್ನು ಹಿಡಿಯಲು ನಿಧಾನ ಚಲನೆಯಲ್ಲಿ ಸಾಕಷ್ಟು ಪ್ರತಿರೋಧ ಬೇಕು. ಗುಂಡಿಯ ಏಟನ್ನು ನುಂಗಲು ವೇಗದ ಚಲನೆಯಲ್ಲಿ ಕವಾಟ ತೆರೆದುಕೊಳ್ಳಬೇಕು. ಒಳ್ಳೆಯ ಶಾಕ್ ಅಬ್ಸಾರ್ಬರಿನ ಗುರುತು ಇದೇ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲು ಎಣ್ಣೆಯನ್ನು ತೆಳುವಾಗಿಸುತ್ತದೆ. ಅನಿಲ ಅದನ್ನು ತಡೆಯದು, ಆದರೆ ನೊರೆಯನ್ನು ತಗ್ಗಿಸುವುದರಿಂದ ಅನಿಲ ತುಂಬಿದ್ದಕ್ಕೆ ಕೊಡುವ ಹೆಚ್ಚಿನ ಬೆಲೆ ದಂಡವಾಗುವುದಿಲ್ಲ.

ಹೊರೆಯನ್ನೂ ಮರೆಯುವಂತಿಲ್ಲ. 50 ಕೆ.ಜಿ.ಯ 20 ತೊಗರಿ ಚೀಲ ಎಂದರೆ 1 ಟನ್. ಅದು ಹಿಂದಿನ ಆಕ್ಸಲ್ಲಿನ ಹಿಂದಕ್ಕೆ ಬಿದ್ದರೆ ಮುಂಭಾಗ ಮೇಲೇಳುತ್ತದೆ, ಮುಂದಿನ ಶಾಕ್ ಅಬ್ಸಾರ್ಬರು ಹಿಗ್ಗಿ ತುದಿ ಮುಟ್ಟಬಹುದು. ಆದ್ದರಿಂದ ಖಾಲಿ ಗಾಡಿ, ತುಂಬಿದ ಗಾಡಿ ಎರಡರಲ್ಲೂ ಅಳತೆ ತೆಗೆಯಬೇಕು.

ಜೋಡಿಸುವಾಗ ಎಡಬಲ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಎರಡು ಕೊಳವೆಯದನ್ನು ನೆಟ್ಟಗೆ ಹಿಡಿದು ಕೆಲವು ಸಲ ಎಳೆದು ಒತ್ತಿ ಒಳಗಿನ ಗಾಳಿ ತೆಗೆಯಬೇಕು. ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ವಾಹನ ಚಕ್ರದ ಮೇಲೆ ನಿಂತ ಮೇಲೆಯೇ ಬಿಗಿಯಬೇಕು, ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡು ಬೇಗ ಹರಿಯುತ್ತದೆ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಟಯರು, ಬ್ರೇಕ್ ಪೈಪು ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಿಗದಿಪಡಿಸಿದ ಮೂಲ ವಿವರಗಳನ್ನು ಬದಲಿಸುವುದಕ್ಕೆ ಮಿತಿ ಹಾಕಿದೆ. ತಗ್ಗಿಸುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಮೊದಲು ಸ್ಪ್ರಿಂಗಿನ ಸ್ಥಿತಿ, ಆಮೇಲೆ ಉದ್ದ, ಆಮೇಲೆ ಬಗೆ, ಕೊನೆಗೆ ಬಿಗಿ: ಆಯ್ಕೆ ಈ ಕ್ರಮದಲ್ಲೇ ನಡೆಯಬೇಕು. ಅಳತೆ ಹೊಂದಿದ ಸಾಧಾರಣ ಬೆಲೆಯ ಶಾಕ್ ಅಬ್ಸಾರ್ಬರು, ಅಳತೆ ತಪ್ಪಿದ ದುಬಾರಿಯದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ಗಾಡಿಯನ್ನೂ ಚಾಲಕನನ್ನೂ ಹೆಚ್ಚು ಸುರಕ್ಷಿತವಾಗಿಡುತ್ತದೆ.