ಸನಾದಿಯ ನೆಂಟ ಸೊಪ್ರಾನೊ

ಕಲಬುರಗಿ ಜಿಲ್ಲೆಯ ಸೊನ್ನದ ಹೆಸರು ಪತ್ರಿಕೆಗಳಲ್ಲಿ ಕಾಣಿಸುವುದು ಹೆಚ್ಚಾಗಿ ಮಳೆಗಾಲದಲ್ಲಿ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಭೀಮೆಗೆ ನೀರು ಬಿಟ್ಟರು, ಸೊನ್ನ ಬ್ಯಾರೇಜಿನ ಗೇಟು ತೆಗೆದರು, ದಂಡೆಯ ಊರಿನವರು ಎಚ್ಚರದಿಂದಿರಿ ಎಂಬ ಸುದ್ದಿ ಬರುತ್ತದೆ. ಉಳಿದ ದಿನಗಳಲ್ಲಿ ಅಫಜಲಪುರ, ಆಳಂದ, ಜೇವರ್ಗಿ ಸೀಮೆಯ ಸದ್ದೇ ಬೇರೆ. ಘತ್ತರಗಿ ಭಾಗ್ಯವಂತಿಯ ಗುಡಿಯ ಮುಂದೆ ಹಲಗಿ, ಗಾಣಗಾಪುರದಲ್ಲಿ ಭಜನೆಯ ಪೇಟಿ ಮತ್ತು ತಾಳ, ಮದುವೆಯ ಮೆರವಣಿಗೆಗೆ ಬ್ಯಾಂಡು. ಅಕ್ಕಿಕಾಳು ಬೀಳುವ ಹೊತ್ತಿಗೆ ಮಾತ್ರ ಹಿರಿಯರ ಕಿವಿ ಶಹನಾಯಿಯ ಬಳಗದ ಸನಾದಿಯನ್ನೇ ಹುಡುಕುತ್ತದೆ.

ಸೊಪ್ರಾನೊ ಸ್ಯಾಕ್ಸೊಫೋನನ್ನು ಪರಿಚಯಿಸುವ ಈ ಲೇಖನ ಇಲ್ಲಿಂದ ಶುರುವಾಗಲು ಕಾರಣ ಆ ಸನಾದಿಯೇ. ಸ್ಯಾಕ್ಸೊಫೋನ್ ಎಂದರೆ ನಮಗೆ ನೆನಪಾಗುವುದು ಕೆಳಗೆ ಬಾಗಿ ಮತ್ತೆ ಮೇಲೆದ್ದ ಹಿತ್ತಾಳೆಯ ದೊಡ್ಡ ಬಾಯಿ; ಅದು ಆಲ್ಟೊ ಅಥವಾ ಟೆನರ್. ಸೊಪ್ರಾನೊ ಹೆಚ್ಚಾಗಿ ನೆಟ್ಟಗೇ ಇರುತ್ತದೆ, ಎರಡು ಅಡಿಗಿಂತ ತುಸು ಉದ್ದ. ತುಟಿಯ ಬಳಿ ಸಣ್ಣಗಿದ್ದು ಕೆಳಗಿಳಿದಂತೆ ಅಗಲವಾಗುತ್ತ ಹೋಗುವ ಕೊಳವೆ. ಸನಾದಿಯ ಒಡಲೂ ಹೀಗೇ. ನೋಟಕ್ಕಷ್ಟೇ ಅಲ್ಲ, ನಾದದಲ್ಲೂ ಈ ನಂಟು ಕಾಣುತ್ತದೆ. ಬ್ಯಾಂಡಿನ ಕ್ಲಾರಿನೆಟ್ಟಿನ ಕೊಳವೆ ಬಹುಮಟ್ಟಿಗೆ ಒಂದೇ ಅಗಲದ್ದು, ಹಾಗಾಗಿ ಮೇಲಿನ ನೆಲೆಗೆ ಹಾರಿಸಿದರೆ ಷಡ್ಜದಿಂದ ತಾರ ಸಪ್ತಕದ ಪಂಚಮಕ್ಕೆ ಹೋಗಿ ನಿಲ್ಲುತ್ತದೆ. ಸನಾದಿಯೂ ಸ್ಯಾಕ್ಸೊಫೋನೂ ನೇರವಾಗಿ ತಾರ ಷಡ್ಜಕ್ಕೇ ಹಾರುತ್ತವೆ. ಇರುವ ಮುಖ್ಯ ವ್ಯತ್ಯಾಸವೆಂದರೆ, ಸನಾದಿಗೆ ಜೋಡಿ ರೀಡು, ಸ್ಯಾಕ್ಸೊಫೋನಿಗೆ ಒಂಟಿ ರೀಡು.

ಅಮೆರಿಕದ ಜಾಝ್ ವಾದಕ ಜಾನ್ ಕೋಲ್ಟ್ರೇನ್ 1960ರ ಅಕ್ಟೋಬರಿನಲ್ಲಿ ‘ಮೈ ಫೇವರಿಟ್ ಥಿಂಗ್ಸ್’ ಧ್ವನಿಮುದ್ರಿಸಿದ್ದು ಇದೇ ಸೊಪ್ರಾನೊದಲ್ಲಿ. ಅದನ್ನು ಕೇಳಿದ ನಮ್ಮ ಕಡೆಯ ಯಾರಿಗಾದರೂ ಮದುವೆ ಮಂಟಪದ ನೆನಪಾಗದೇ ಇರದು. ಭಾರತೀಯ ಸಂಗೀತಕ್ಕೆ ಮನಸೋತಿದ್ದ ಕೋಲ್ಟ್ರೇನ್ ತಮ್ಮ ಮಗನಿಗೆ ರವಿ ಎಂದು ಹೆಸರಿಟ್ಟರು, ಪಂಡಿತ್ ರವಿಶಂಕರ್ ಅವರ ಮೇಲಿನ ಗೌರವಕ್ಕೆ.

ಸ್ಯಾಕ್ಸೊಫೋನಿನ ಚರಿತ್ರೆ ದೊಡ್ಡದೇನಲ್ಲ. ಬೆಲ್ಜಿಯಂನ ದಿನಾಂ ಪಟ್ಟಣದಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್ಸಿನಲ್ಲಿ 1846ರಲ್ಲಿ ಈ ವಾದ್ಯ ಕುಟುಂಬಕ್ಕೆ ಹಕ್ಕುಪತ್ರ ಪಡೆದ. ಮಿಲಿಟರಿ ಬ್ಯಾಂಡುಗಳ ಜೊತೆ ಅದು ನಮ್ಮ ನಾಡಿಗೂ ಬಂತು, ಮೈಸೂರು ಅರಮನೆಯ ಬ್ಯಾಂಡನ್ನೂ ಸೇರಿತು. ಆ ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು ಮರುಳಾದವರು ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನೂ ನಾಗಸ್ವರವನ್ನೇ ಹಿಡಿದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಅವರು ಹಿಡಿದದ್ದು ಕೀಲಿಗಳಿರುವ ಪರದೇಶದ ವಾದ್ಯವನ್ನು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ಹಿಡಿದದ್ದು ಸುಮಾರು ಇಪ್ಪತ್ತು ವರ್ಷ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಇವತ್ತು ಕರಾವಳಿಯ ಮದುವೆ, ದೇವಸ್ಥಾನದ ಉತ್ಸವ, ನೇಮಗಳಲ್ಲಿ ಸ್ಯಾಕ್ಸೊಫೋನ್ ಮನೆಯ ವಾದ್ಯವಾಗಿದ್ದರೆ ಅದರ ಹಿಂದೆ ಅವರ ಉಸಿರಿದೆ.

ಅವರು ನುಡಿಸುತ್ತಿದ್ದದ್ದು ಆಲ್ಟೊ. ಆದರೂ ಸೊಪ್ರಾನೊ ಕಲಿಯುವವರು ಮೊದಲು ಅವರನ್ನೇ ಕೇಳಬೇಕು ಎಂದು ನಾನು ಹೇಳುತ್ತೇನೆ. ಕೀಲಿ ಒತ್ತಿದರೆ ಸ್ಯಾಕ್ಸೊಫೋನ್ ಒಂದು ಸ್ವರದ ಆಸುಪಾಸನ್ನು ಕೊಡುತ್ತದೆ, ಅಷ್ಟೆ. ಅದನ್ನು ಶ್ರುತಿಗೆ ಕೂರಿಸುವುದು, ಅಲ್ಲಿಂದ ಜಾರಿಸಿ ಗಮಕ ತೆಗೆಯುವುದು ತುಟಿ, ಗಂಟಲು ಮತ್ತು ಉಸಿರು. ಆಲ್ಟೊದಲ್ಲಿ ತುಟಿ ಸ್ವಲ್ಪ ಬಿಗಿಯಾದರೆ ಸ್ವರ ಸ್ವಲ್ಪ ಏರುತ್ತದೆ. ಸೊಪ್ರಾನೊದ ಕೊಳವೆ ಗಿಡ್ಡ, ಮೌತ್‌ಪೀಸ್ ಪುಟ್ಟದು. ಅಲ್ಲಿ ಅಷ್ಟೇ ಬಿಗಿತಕ್ಕೆ ಸ್ವರ ಎದ್ದು ಕಾಣುವಷ್ಟು ದೂರ ಹೋಗುತ್ತದೆ. ಗಮಕಕ್ಕೆ ಇದು ವರ, ಶ್ರುತಿಗೆ ಪರೀಕ್ಷೆ.

ಪೇಟಿಯ ಲೆಕ್ಕದಲ್ಲಿ ಹೇಳಿದರೆ, ಸೊಪ್ರಾನೊದಲ್ಲಿ ‘ಸಿ’ ಎಂದು ಬೆರಳಿಟ್ಟಾಗ ಹೊರಡುವುದು ಕರಿ ಐದು. ಆಲ್ಟೊದಲ್ಲಿ ಅದೇ ಬೆರಳಿಗೆ ಕರಿ ಎರಡು. ಮೊದಲ ಪಾಠ ಇಷ್ಟು: ವಾದ್ಯ ತೆಗೆದ ಕೂಡಲೇ ಶ್ರುತಿ ನೋಡಬಾರದು. ತಣ್ಣಗಿನ ಕೊಳವೆ ಶ್ರುತಿ ಇಳಿಸುತ್ತದೆ, ಊದಿ ಬೆಚ್ಚಗಾದ ಮೇಲೆ ಏರುತ್ತದೆ. ಗಾಳಿಯ ಬಿಸಿ ಒಂದು ಡಿಗ್ರಿ ಹೆಚ್ಚಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ, ಶ್ರುತಿಯೂ ಅದರ ಜೊತೆ ಏರುತ್ತದೆ. ನಮ್ಮ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವುದರಿಂದ, ಡಿಸೆಂಬರಿನ ಬೆಳಗಿನಲ್ಲಿ ಮೌತ್‌ಪೀಸ್ ಕೂರುವ ಕಾರ್ಕಿನ ಮೇಲೆ ಗುರುತು ಹಾಕಿಕೊಂಡ ಜಾಗ ಮೇ ತಿಂಗಳ ಮದುವೆಗೆ ನಡೆಯುವುದಿಲ್ಲ. ಮೌತ್‌ಪೀಸನ್ನು ಕಾರ್ಕಿನ ಮೇಲೆ ಒಳಗೆ ತಳ್ಳಿದರೆ ಶ್ರುತಿ ಏರುತ್ತದೆ, ಹೊರಗೆಳೆದರೆ ಇಳಿಯುತ್ತದೆ. ಸೊಪ್ರಾನೊದಲ್ಲಿ ಕೂದಲೆಳೆಯಷ್ಟು ಸರಿಸಿದರೂ ಗೊತ್ತಾಗುತ್ತದೆ. ಅದೂ ಎಲ್ಲ ಸ್ವರ ಸಮನಾಗಿ ಸರಿಯುವುದಿಲ್ಲ. ಕೊಳವೆಯ ಮೇಲ್ಭಾಗವನ್ನಷ್ಟೇ ಬಳಸುವ ಸ್ವರಗಳು ಹೆಚ್ಚು ಸರಿಯುತ್ತವೆ, ಕೆಳಗಿನವು ಕಡಿಮೆ. ಆದ್ದರಿಂದ ಒಂದು ಸ್ವರಕ್ಕೆ ಕೂರಿಸಿ ಉಳಿದದ್ದು ತಾನಾಗಿ ಸರಿಹೋಗುತ್ತದೆಂದು ನಂಬುವಂತಿಲ್ಲ.

ಸೊಪ್ರಾನೊ ಬೇಸುರ ಎಂಬ ದೂರಿನ ಬಹುಪಾಲಿಗೆ ಕಾರಣ ಕಚ್ಚುವ ಚಟ. ಮೇಲಿನ ಸ್ವರ ಬರಲಿಲ್ಲವೆಂದು ಕೆಳದವಡೆ ಬಿಗಿ ಹಿಡಿದರೆ ಸ್ವರ ಬರುತ್ತದೆ, ಏರಿಯೂ ಬರುತ್ತದೆ. ಇದಕ್ಕೆ ಒಂದು ಹಳೆಯ ಸಾಧನೆ ಇದೆ. ಮೌತ್‌ಪೀಸ್ ಬಿಚ್ಚಿ, ರೀಡು ಕಟ್ಟಿ, ಅದನ್ನೊಂದನ್ನೇ ಊದಬೇಕು. ಸೊಪ್ರಾನೊದ ಮೌತ್‌ಪೀಸಿನಲ್ಲಿ ಬಿಳಿ ಒಂದರ ಆಸುಪಾಸು ಬಂದರೆ ಬಾಯಿ ಹದವಾಗಿದೆ ಎಂದು ಲೆಕ್ಕ. ಪೇಟಿಯಲ್ಲಿ ಬಿಳಿ ಒಂದನ್ನು ಹಿಡಿದು ಹೋಲಿಸಬಹುದು. ಅದಕ್ಕಿಂತ ಬಹಳ ಮೇಲಿದ್ದರೆ ಕಚ್ಚುತ್ತಿದ್ದೀರಿ. ಕಿವಿಗೆ ಕರ್ಕಶ, ಮನೆಯವರಿಗೆ ಬೇಸರ. ಆದರೂ ಇದಕ್ಕಿಂತ ನೇರವಾದ ಸಾಧನೆ ನನಗೆ ಕಂಡಿಲ್ಲ.

ಇನ್ನೊಂದು, ತಂಬೂರಿ. ಸ್ಯಾಕ್ಸೊಫೋನ್ ತಯಾರಾಗುವುದು ಪಿಯಾನೊದಂತೆ ಸಮ ಪಾಲಿನ ಸ್ವರಗಳಿಗೆ. ತಂಬೂರಿಯಿಂದ ತಾನಾಗಿ ಹೊಮ್ಮುವ ಗಾಂಧಾರ ಪಿಯಾನೊದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿದೆ. ಒಂದು ಅರ್ಧಸ್ವರದ ನೂರರಲ್ಲಿ ಹದಿನಾಲ್ಕು ಪಾಲು. ಮೊಬೈಲಿನ ಟ್ಯೂನರ್ ಹಸಿರು ತೋರಿಸಿದರೂ ತಂಬೂರಿಯ ಎದುರು ಆ ಗಾಂಧಾರ ಚುಚ್ಚುತ್ತದೆ. ಅದನ್ನು ಇಳಿಸಬೇಕಾದದ್ದು ತುಟಿಯೇ. ಭಜನೆಗೆ ಕೂತರೆ ಮಾತ್ರ ಪೇಟಿಗೆ ಒಪ್ಪಿಕೊಳ್ಳಬೇಕು. ಹಳೆಯ ಪೇಟಿ 440 ಹರ್ಟ್ಸಿನ ಮಾನಕ ಶ್ರುತಿಯಲ್ಲೇ ಇರಬೇಕೆಂದಿಲ್ಲ, ಅದು ಸರಿಯುವುದಿಲ್ಲ, ನಾವೇ ಸರಿಯಬೇಕು.

ಇನ್ನು ಜೊತೆಯ ಸಾಮಾನು. ಕೈಯಲ್ಲಿರುವ ದುಡ್ಡೆಲ್ಲ ಹೊಳೆಯುವ ಹಿತ್ತಾಳೆಗೆ ಸುರಿದು, ಜೊತೆಗೆ ಬಂದ ಅಗ್ಗದ ಮೌತ್‌ಪೀಸಿನಲ್ಲೇ ವರ್ಷಗಟ್ಟಲೆ ಒದ್ದಾಡುವುದು ಬೇಡ. ಎಬೊನೈಟಿನದೋ ಒಳ್ಳೆಯ ಪ್ಲಾಸ್ಟಿಕ್ಕಿನದೋ, ತುದಿಯ ತೆರಪು ತೀರಾ ಅಗಲವಲ್ಲದ ಮೌತ್‌ಪೀಸ್ ಶುರುವಿಗೆ ಸಾಕು. ಯಮಾಹಾ 4ಸಿ, ಸೆಲ್ಮರ್ ಸಿ-ಸ್ಟಾರ್ ಇಂಥವು. ಅಗಲ ತೆರಪಿನದು ಜೋರಾಗಿ ನುಡಿಯುತ್ತದೆ, ಆದರೆ ಶ್ರುತಿ ಹಿಡಿದಿಡಲು ಪಳಗಿದ ಬಾಯಿ ಬೇಕು.

ರೀಡಿನ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಇಡೀ ವಾದ್ಯದಲ್ಲಿ ನಡುಗುವುದು ಅದೊಂದೇ. ಅದು ಅರುಂಡೊ ಡೊನಾಕ್ಸ್ ಎಂಬ ದಪ್ಪ ಜೊಂಡಿನ ಸೀಳು. ಹೆಸರಾಂತ ಬೆಳೆ ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತ್ಯದ್ದು. ಸೊಪ್ರಾನೊದ ರೀಡು ಕಿರುಬೆರಳಿನಷ್ಟೂ ಅಗಲವಿಲ್ಲ; ಆಲ್ಟೊದ್ದು ಇದಕ್ಕೆ ಕೂರುವುದಿಲ್ಲ. ಬೆಳಕಿಗೆ ಹಿಡಿದರೆ ನಡುವೆ ದಟ್ಟ ನೆರಳು, ಅಂಚಿನತ್ತ ತೆಳುವಾಗುತ್ತ ತುದಿಯಲ್ಲಿ ಕಾಗದದಂತೆ ಬೆಳಕು ಸೋಸುತ್ತದೆ. ಎರಡೂ ಬದಿಯ ನೆರಳು ಸಮನಾಗಿದ್ದರೆ ಒಳ್ಳೆಯ ಲಕ್ಷಣ. ಬಾಯಲ್ಲೋ ಲೋಟದ ನೀರಲ್ಲೋ ನೆನೆಸಿ, ಮೌತ್‌ಪೀಸಿನ ತುದಿಗೆ ಸರಿಯಾಗಿ ಹೊಂದಿಸಿ, ಆಮೇಲೆ ರೀಡನ್ನು ಹಿಡಿದಿಡುವ ಪಟ್ಟಿಯನ್ನು, ಅಂದರೆ ಲಿಗೇಚರನ್ನು, ಬಿಗಿಯಬೇಕು. ತುದಿ ತುಸು ಮೇಲೆದ್ದರೆ ರೀಡು ಗಡುಸಾಗುತ್ತದೆ, ಕೆಳಗಿಳಿದರೆ ಮೆದುವಾಗುತ್ತದೆ. ಎರಡು, ಎರಡೂವರೆ, ಮೂರು ಎಂಬ ಸಂಖ್ಯೆ ಗಡುಸಿನದು. ಗಡುಸು ಹೆಚ್ಚಿದರೆ ಊದುವವ ಕಚ್ಚುತ್ತಾನೆ, ಶ್ರುತಿ ಏರುತ್ತದೆ. ತೀರಾ ಮೆದುವಾದರೆ ಮೇಲಿನ ಸ್ವರ ಜೋತುಬೀಳುತ್ತದೆ. ಎರಡರಿಂದ ಎರಡೂವರೆಯಲ್ಲಿ ಶುರುಮಾಡುವುದು ಹಿತ. ಕರಾವಳಿಯ ತೇವಕ್ಕೆ ರೀಡು ಬೂಷ್ಟು ಹಿಡಿಯುತ್ತದೆ. ನಮ್ಮ ಒಣ ಹವೆಗೆ ಅದರ ತುದಿ ಅಲೆಅಲೆಯಾಗಿ ಸುಕ್ಕುಗಟ್ಟುತ್ತದೆ. ಮೂರ್ನಾಲ್ಕನ್ನು ಸರದಿಯಲ್ಲಿ ಬಳಸಿ, ಒರೆಸಿ, ಚಪ್ಪಟೆ ಪೆಟ್ಟಿಗೆಯಲ್ಲಿ ಇಟ್ಟರೆ ಬಾಳಿಕೆ ಬರುತ್ತವೆ. ಬಯಲಲ್ಲಿ ನುಡಿಸುವವರಿಗೆ ಕೃತಕ ರೀಡು ಅನುಕೂಲ, ಒಣಗುವ ಭಯವಿಲ್ಲ, ದುಬಾರಿ.

ಲಿಗೇಚರ್ ಸಮನಾಗಿ ಹಿಡಿದರೆ ಸಾಕು, ಅದರ ಬೆಡಗಿಗೆ ಬೆಲೆ ತೆರಬೇಕಿಲ್ಲ. ನೇರ ಸೊಪ್ರಾನೊದ ಭಾರ ಬಲಗೈ ಹೆಬ್ಬೆರಳಿನ ಮೇಲೆ ಬೀಳುವುದರಿಂದ ಕೊರಳಪಟ್ಟಿ ಬೇಕು. ನುಡಿಸಿದ ಮೇಲೆ ಒಳಗೆ ಎಳೆಯಲು ಒಂದು ಬಟ್ಟೆ, ಕಾರ್ಕಿಗೆ ಗ್ರೀಸು. ತೂತು ಮುಚ್ಚುವ ಪ್ಯಾಡಿನ ಸಂದಿಯಲ್ಲಿ ಗಾಳಿ ಸೋರಿದರೆ ಕೆಳಗಿನ ಸ್ವರ ಮೊಂಡುಹಿಡಿಯುತ್ತದೆ. ಕತ್ತಲಲ್ಲಿ ಕೊಳವೆಯೊಳಗೆ ಪುಟ್ಟ ದೀಪ ಇಳಿಬಿಟ್ಟರೆ ಸೋರುವ ಪ್ಯಾಡಿನಂಚಿನಲ್ಲಿ ಬೆಳಕು ಕಾಣುತ್ತದೆ.

ತೊಂದರೆ ಇರುವುದು ಇಲ್ಲಿಯೇ. ದೀಪದಲ್ಲಿ ಸೋರಿಕೆ ಕಂಡರೂ ಪ್ಯಾಡು ಕೂರಿಸುವ ಕೈ ಹತ್ತಿರದಲ್ಲಿ ಸಿಗುವುದು ಕಷ್ಟ. ವಾದ್ಯ ಹೊತ್ತು ಹೈದರಾಬಾದಿನಂಥ ದೊಡ್ಡ ಊರಿಗೆ ಹೋಗಬೇಕಾಗುತ್ತದೆ. ರೀಡು ಆನ್‌ಲೈನಿನಲ್ಲಿ ತರಿಸಬೇಕು, ಕೈಯಲ್ಲಿ ಹಿಡಿದು ಆರಿಸುವಂತಿಲ್ಲ. ಮೆರವಣಿಗೆ ಡಿಜೆಯ ಪಾಲಾಗಿದೆ, ಅಕ್ಕಿಕಾಳಿನ ಹೊತ್ತಿಗೂ ಪೆನ್‌ಡ್ರೈವಿನ ಸನಾದಿ ಸಾಕೆನ್ನುವವರಿದ್ದಾರೆ. ಕರಾವಳಿಯಲ್ಲಿ ನಾಗಸ್ವರದ ಮನೆಯ ಹುಡುಗನೇ ಸ್ಯಾಕ್ಸೊಫೋನ್ ಹಿಡಿದದ್ದರಿಂದ ವಾದ್ಯ ಬದಲಾದರೂ ರಾಗದ ಬಳಕೆ ತಪ್ಪಲಿಲ್ಲ. ಭೀಮೆಯ ದಂಡೆಯಲ್ಲಿ ಸೊಪ್ರಾನೊ ಯಾರ ಕೈಗಾದರೂ ಬರುವುದಿದ್ದರೆ ಅದು ಸನಾದಿ ಊದುವ ಮನೆಗಳ ಕೈಗೇ ಮೊದಲು ಬರಬೇಕು. ಉಸಿರು ಕಾಯುವುದು, ತುಟಿಯಲ್ಲಿ ಸ್ವರ ಜಾರಿಸುವುದು ಅಲ್ಲಿ ಹುಟ್ಟಿನಿಂದ ಕೇಳಿದ ವಿದ್ಯೆ. ಆ ಮನೆಗಳ ಹುಡುಗರಲ್ಲಿ ಎಷ್ಟೋ ಮಂದಿ ದುಡಿಮೆಗೆಂದು ಪುಣೆ, ಮುಂಬೈ ಸೇರಿದ್ದಾರೆ. ಜಾತ್ರೆಗೆ ಊರಿಗೆ ಬಂದವರಲ್ಲಿ ಒಬ್ಬನಾದರೂ ಅಜ್ಜನ ಪಕ್ಕ ಕೂತು ಆ ವಿದ್ಯೆಯನ್ನು ಕೇಳಿಕೊಳ್ಳಲಿ ಎಂಬುದು ನನ್ನ ಆಸೆ. ಕೇಳಿಕೊಳ್ಳಲು ಅಜ್ಜಂದಿರು ಇನ್ನೂ ಇದ್ದಾರೆ.