ನಡೆಯುವವರ ದಾರಿಯಲ್ಲಿ ನಿಲ್ಲುವವರು

ಹೋಳಿಯ ಬಣ್ಣ ಅಂಗಿಯಿಂದ ಪೂರ್ತಿ ಬಿಟ್ಟಿರುವುದಿಲ್ಲ, ಆಗಲೇ ಮುದ್ದೇಬಿಹಾಳದ ಕಡೆಯ ರಸ್ತೆಗಳಲ್ಲಿ ಕಂಬಿ ಹೊತ್ತವರು ಕಾಣಿಸಿಕೊಳ್ಳುತ್ತಾರೆ. ಯುಗಾದಿಯ ಹೊತ್ತಿಗೆ ಶ್ರೀಶೈಲದ ಮಲ್ಲಯ್ಯನ ಮುಂದೆ ನಿಲ್ಲಬೇಕೆಂದು ಹೊರಟವರು ಅವರು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಸೀಮೆಯವರು. ಅವರ ಹಿಂದೆ ಸೊಲ್ಲಾಪುರದ ಕಡೆಯಿಂದ ಭೀಮೆ ದಾಟಿ ಬಂದವರು. ಕೆಲವರದು ಬರಿಗಾಲು, ಹರಕೆ ಹೊತ್ತ ಕೆಲವರದು ಮರಗಾಲು. ಭ್ರಮರಾಂಬೆಯನ್ನು ಮನೆಮಗಳೆಂದೇ ಬಗೆದು ಅವಳಿಗೆ ಸೀರೆ, ಕುಪ್ಪಸ ಕಟ್ಟಿಕೊಂಡು ನಡೆಯುವ ಅಜ್ಜಿಯರೂ ಆ ಸಾಲಿನಲ್ಲಿದ್ದಾರೆ. ಮುಂದಿರುವುದು ನಾಲ್ಕೈದು ನೂರು ಕಿಲೋಮೀಟರ್ ದಾರಿ, ಹತ್ತು ಹದಿನೈದು ದಿನಗಳ ಬಿಸಿಲು, ಕೊನೆಗೆ ನಲ್ಲಮಲದ ಕಾಡು.

ಅದೇ ದಾರಿಯ ಅಂಚಿನಲ್ಲಿ ಇನ್ನಷ್ಟು ಜನ ನಿಂತಿರುತ್ತಾರೆ. ನಾಲ್ಕು ಗೂಟಕ್ಕೆ ಕಟ್ಟಿದ ತಾಡಪತ್ರಿಯ ನೆರಳು, ಒದ್ದೆ ಗೋಣಿ ಸುತ್ತಿದ ಕೊಡಗಳು, ಮಜ್ಜಿಗೆಯ ಪಾತ್ರೆ, ಬುಟ್ಟಿ ತುಂಬ ಕಡಕ್ ರೊಟ್ಟಿ. ಒಬ್ಬರು ನೀರು ಕೊಡುತ್ತಾರೆ, ಒಬ್ಬರು ಕಾಲು ತೊಳೆಯುತ್ತಾರೆ, ಒಬ್ಬರು ಎಣ್ಣೆ ಹಚ್ಚಿ ಮೀನಖಂಡ ನೀವುತ್ತಾರೆ. ನಡೆಯುವವರ ಬಗ್ಗೆ ನಾವು ಬಹಳ ಬರೆದಿದ್ದೇವೆ. ನಿಲ್ಲುವವರ ಬಗ್ಗೆ ಬರೆದದ್ದು ಕಡಿಮೆ. ನಿಲ್ಲುವುದೂ ಒಂದು ಸೇವೆ, ಅದಕ್ಕೂ ಒಂದು ಚರಿತ್ರೆಯಿದೆ. ‘ನಾನು ಎಲ್ಲಿ ನಿಲ್ಲಲಿ, ಏನು ಮಾಡಲಿ’ ಎಂಬ ಪ್ರಶ್ನೆಗೆ ಈ ವಿಜಯಪುರ ಜಿಲ್ಲೆ ಶತಮಾನಗಳಿಂದ ಉತ್ತರ ಹುಡುಕುತ್ತ ಬಂದಿದೆ.

ಅರವಟ್ಟಿಗೆಯಿಂದ ಆರಂಭ

ದಾರಿಹೋಕರಿಗೆ ನೀರು ಕೊಡುವ ಜಾಗಕ್ಕೆ ಕನ್ನಡದಲ್ಲಿ ಹಳೆಯ ಹೆಸರಿದೆ: ಅರವಟ್ಟಿಗೆ. ನಮ್ಮ ಶಾಸನಗಳಲ್ಲಿ ದೇವಾಲಯ, ಕೆರೆ, ಸತ್ರಗಳ ಜೊತೆಯಲ್ಲೇ ಅರವಟ್ಟಿಗೆಗೂ ದತ್ತಿ ಬಿಟ್ಟ ಉಲ್ಲೇಖಗಳು ಸಿಗುತ್ತವೆ. ನೀರು ತುಂಬುವವನ ಹೊಟ್ಟೆ ನಡೆಯಬೇಕು, ಕೊಡ ಒಡೆದರೆ ಹೊಸದು ಬರಬೇಕು, ಬೇಸಿಗೆಯುದ್ದಕ್ಕೂ ಅದು ನಿಲ್ಲಬಾರದು. ಇದನ್ನೆಲ್ಲ ಯೋಚಿಸಿಯೇ ಭೂಮಿ ಬಿಡುತ್ತಿದ್ದರು. ಆ ಕಾಲಕ್ಕೇ ದಾರಿಯ ಸೇವೆ ಒಂದು ವ್ಯವಸ್ಥೆಯಾಗಿತ್ತು.

ಶ್ರೀಶೈಲದ ದಾರಿಗೂ ಅಂಥದೇ ಆರೈಕೆ ಸಿಕ್ಕಿದೆ. 14ನೆಯ ಶತಮಾನದ ರೆಡ್ಡಿ ದೊರೆ ಪ್ರೋಲಯ ವೇಮಾರೆಡ್ಡಿ ಬೆಟ್ಟ ಹತ್ತುವವರಿಗಾಗಿ ಮೆಟ್ಟಿಲು ಕಟ್ಟಿಸಿದ. ಅದಕ್ಕೂ ಇನ್ನೂರು ವರ್ಷ ಮೊದಲು ಅಕ್ಕಮಹಾದೇವಿ ಕದಳಿಯನ್ನು ಅರಸಿ ಹೋದದ್ದು ಇದೇ ಬೆಟ್ಟಕ್ಕೆ. ಆತ್ಮಕೂರಿನ ಆಚೆ ವೆಂಕಟಾಪುರದಿಂದ ಕಾಡು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ ದಾಟಿ ಕೈಲಾಸ ಬಾಗಿಲು ಏರುವ ಕಾಲುದಾರಿಯ ಒಂದೊಂದು ಹೆಸರೂ ನಮ್ಮ ಹಳ್ಳಿಯ ಹಿರಿಯರ ಬಾಯಲ್ಲಿದೆ. ಅವರು ಅದನ್ನು ನಕಾಶೆಯಲ್ಲಿ ಕಂಡವರಲ್ಲ. ಎಲ್ಲಿ ನೀರು ಸಿಗುತ್ತದೆ, ಎಲ್ಲಿ ಕಾಲು ಸೋಲುತ್ತದೆ, ಎಲ್ಲಿ ಯಾರ ಪ್ರಸಾದವಿರುತ್ತದೆ ಎಂಬ ಲೆಕ್ಕದಲ್ಲಿ ಆ ದಾರಿ ಅವರಿಗೆ ಗೊತ್ತು.

ಬಾಗೇವಾಡಿಯ ಕೊಡುಗೆ

ಈ ಸೇವೆಗೆ ಇಲ್ಲಿನ ಜನ ಕರೆಯುವ ಹೆಸರು ದಾಸೋಹ. ಆ ಮಾತಿಗೆ ಜೀವ ತುಂಬಿದ ಬಸವಣ್ಣ ಹುಟ್ಟಿದ ನೆಲವೇ ಬಸವನ ಬಾಗೇವಾಡಿ. ದುಡಿದು ಗಳಿಸು, ಗಳಿಸಿದ್ದನ್ನು ಹಂಚು, ಹಂಚುವಾಗ ಕೊಡುವವನೆಂಬ ಬಿಂಕ ಬಿಡು. 12ನೆಯ ಶತಮಾನದ ಶರಣರು ಕಾಯಕ ಮತ್ತು ದಾಸೋಹ ಎಂಬ ಎರಡು ಮಾತಿನಲ್ಲಿ ಇಷ್ಟನ್ನೂ ಕಟ್ಟಿಕೊಟ್ಟರು.

ಕಲ್ಯಾಣಕ್ಕೆ ಹೋದ ಶರಣರು ತಮ್ಮ ಸೇವೆಯನ್ನು ಹೇಗೆ ಆರಿಸಿಕೊಂಡರೆಂದು ನೋಡಿದರೆ ಇವತ್ತಿನ ಸ್ವಯಂಸೇವಕನಿಗೂ ಒಂದು ಪಾಠವಿದೆ. ಮಡಿವಾಳ ಮಾಚಿದೇವ ಹಿಂದೆ ಸಿಂದಗಿ ತಾಲ್ಲೂಕಿಗೆ ಸೇರಿದ್ದ ದೇವರ ಹಿಪ್ಪರಗಿಯವನು. ಬಟ್ಟೆ ಒಗೆಯುವ ಕಾಯಕವನ್ನೇ ಶರಣರ ಸೇವೆಯಾಗಿಸಿಕೊಂಡ. ಹಡಪದ ಅಪ್ಪಣ್ಣ ಬಾಗೇವಾಡಿ ತಾಲ್ಲೂಕಿನ ಮಸಬಿನಾಳದವನೆಂದು ಈ ಸೀಮೆ ನಂಬಿದೆ; ಬಸವಣ್ಣನ ಮಗ್ಗುಲಲ್ಲಿ ಹಡಪ ಹಿಡಿದು ನಿಂತ. ಶಿವಣಗಿಯ ನುಲಿಯ ಚಂದಯ್ಯ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ ಬಂದ ಹಣದಲ್ಲಿ ದಾಸೋಹ ನಡೆಸಿದ. ಎಲ್ಲರೂ ಒಂದೇ ಕೆಲಸಕ್ಕೆ ಮುಗಿಬೀಳಲಿಲ್ಲ. ಕೈಗೆ ಒಗ್ಗಿದ ಕೆಲಸ ಎಲ್ಲಿ ಬೇಕಾಗಿದೆಯೋ ಅಲ್ಲಿ ಹೋಗಿ ನಿಂತರು.

ಇನ್ನೊಂದು ಕಥೆ ಶ್ರೀಶೈಲದ ಯಾತ್ರಿಕರು ಮುಂದೆ ಹಾಯುವ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ದಂಪತಿಯದು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಬೇಕಾದಷ್ಟು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದಳು. ಸೇವೆಯಲ್ಲೂ ಅತಿ ಆಸೆ ನುಸುಳುತ್ತದೆ ಎಂಬುದು ಲಕ್ಕಮ್ಮನಿಗೆ ಗೊತ್ತಿತ್ತು. ಮೂರು ಕಡೆ ಹೆಸರು ಬರೆಸಿ ಒಂದು ಕಡೆಯೂ ಕೊನೆಯವರೆಗೆ ನಿಲ್ಲದವರನ್ನು ಕಂಡಾಗಲೆಲ್ಲ ನನಗೆ ಲಕ್ಕಮ್ಮ ನೆನಪಾಗುತ್ತಾಳೆ.

ಹವಾಯಿಯಲ್ಲಿ ಹದಿನೈದು ಮಂದಿ

ದಾರಿಯಲ್ಲಿ ನಿಲ್ಲುವವರಿಲ್ಲದಿದ್ದರೆ ಏನಾಗುತ್ತದೆಂದು ನೋಡಲು ಈಗ ಸಮುದ್ರ ದಾಟೋಣ. 1978ರ ಫೆಬ್ರುವರಿ 18ರಂದು ಹವಾಯಿಯ ಓಆಹು ದ್ವೀಪದಲ್ಲಿ 15 ಮಂದಿ ನೀರಿಗಿಳಿದರು. ಅಮೆರಿಕದ ನೌಕಾಪಡೆಯ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಅಲ್ಲಿನ ಮೂರು ಬೇರೆ ಬೇರೆ ಸ್ಪರ್ಧೆಗಳನ್ನು ಒಂದೇ ದಿನಕ್ಕೆ ಪೋಣಿಸಿದ್ದರು. ಮೊದಲು ಸುಮಾರು 3.8 ಕಿ.ಮೀ. ಈಜು, ಆಮೇಲೆ 180 ಕಿ.ಮೀ. ಸೈಕಲ್, ಕೊನೆಗೆ 42.2 ಕಿ.ಮೀ. ಓಟ. ಮುಗಿಸಿದವರು 12 ಮಂದಿ. ಗೆದ್ದವರು ಗಾರ್ಡನ್ ಹ್ಯಾಲರ್, 11 ಗಂಟೆ 46 ನಿಮಿಷ 58 ಸೆಕೆಂಡಿನಲ್ಲಿ. ಇವತ್ತು ಜಗತ್ತು ಐರನ್‌ಮ್ಯಾನ್ ಎಂದು ಕರೆಯುವ ದೂರದ ಟ್ರಯಥ್ಲಾನ್ ಹುಟ್ಟಿದ್ದು ಹೀಗೆ.

ಆ ಮೊದಲ ವರ್ಷ ದಾರಿಯಲ್ಲಿ ನೀರು ಕೊಡುವ ಸಾಮೂಹಿಕ ವ್ಯವಸ್ಥೆ ಇರಲಿಲ್ಲ. ಪ್ರತಿಯೊಬ್ಬ ಸ್ಪರ್ಧಿಯೂ ತನ್ನ ನೆರವಿನ ತಂಡವನ್ನು ತಾನೇ ಕರೆತರಬೇಕಿತ್ತು. ಎರಡನೆಯವರಾಗಿ ಬಂದ ಜಾನ್ ಡನ್‌ಬಾರ್ ಅವರ ತಂಡದಲ್ಲಿ ಓಟದ ನಡುವೆ ನೀರು ಮುಗಿಯಿತು. ಕೈಯಲ್ಲಿದ್ದದ್ದು ಬಿಯರ್, ಅದನ್ನೇ ಕೊಟ್ಟರು. ಅಲ್ಲಿಯವರೆಗೆ ಗೆಲುವಿಗೆ ಹತ್ತಿರವಿದ್ದ ಮನುಷ್ಯ ಅರ್ಧ ಗಂಟೆಗೂ ಹೆಚ್ಚು ಹಿಂದೆ ಬಿದ್ದರು.

ಒಬ್ಬನ ದಾಹವನ್ನು ಅವನ ಮನೆಯವರಿಗಷ್ಟೇ ಬಿಟ್ಟರೆ ಹೀಗಾಗುತ್ತದೆ. ದಾರಿಯಲ್ಲಿ ಹೋಗುವವರೆಲ್ಲರ ದಾಹವನ್ನೂ ದಾರಿಯ ಊರುಗಳು ಹೊತ್ತುಕೊಂಡಾಗಲೇ ದೂರದ ನಡಿಗೆ, ದೂರದ ಓಟ ಸಾವಿರಾರು ಜನಕ್ಕೆ ಸಾಧ್ಯವಾಗುತ್ತದೆ. ಹವಾಯಿ ಅದನ್ನು ಕೆಲವೇ ವರ್ಷಗಳಲ್ಲಿ ಕಲಿತುಕೊಂಡಿತು. ಈಗ ಅಲ್ಲಿನ ಕೋನಾ ಪಟ್ಟಣದ ಸ್ಪರ್ಧೆಗೆ ಸಾವಿರಾರು ಸ್ವಯಂಸೇವಕರು ಬರುತ್ತಾರೆ. ಶ್ರೀಶೈಲದ ದಾರಿಯ ನಮ್ಮ ಊರುಗಳು ಅದೇ ಪಾಠವನ್ನು ಅರವಟ್ಟಿಗೆಯ ಕಾಲದಿಂದ ಬಲ್ಲವು.

2019ರ ಅಕ್ಟೋಬರಿನಲ್ಲಿ ಐರನ್‌ಮ್ಯಾನ್‌ನ ಅರ್ಧ ದೂರದ ಸ್ಪರ್ಧೆ ಗೋವಾದ ಮೀರಾಮಾರ್ ಕಡಲ ತೀರಕ್ಕೆ ಬಂತು: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಇತ್ತ ವಿಜಯಪುರದಲ್ಲಿ ಕೋಟಿ ವೃಕ್ಷ ಅಭಿಯಾನದ ನೆರಳಲ್ಲಿ ಹುಟ್ಟಿದ ವೃಕ್ಷೋಥಾನ್ ಹೆರಿಟೇಜ್ ರನ್ ಐತಿಹಾಸಿಕ ನಗರದ ಬೀದಿಗಳಿಗೆ ಓಟಗಾರರನ್ನು ತಂದಿದೆ. ಸೈಕಲ್ ಪಟುಗಳ ತವರು ಎಂದು ಮೊದಲೇ ಹೆಸರಾದ ಜಿಲ್ಲೆ ಇದು. ದಾಸೋಹದ ಹುಡುಗರು ಈಗ ಸ್ಪರ್ಧಿಗಳಿಗೆ ನೀರು ಕೊಡುವ ಏಯ್ಡ್ ಸ್ಟೇಷನ್‌ನಲ್ಲೂ ನಿಲ್ಲುವ ಕಾಲ ಬಂದಿದೆ.

ನೀರು ಕೊಡುವುದೂ ವಿದ್ಯೆ

ದೂರದ ಟ್ರಯಥ್ಲಾನ್‌ನಲ್ಲಿ ಸೇವೆಯ ಪಟ್ಟಿ ಉದ್ದವಿದೆ. ನಸುಕಿನಲ್ಲಿ ತೋಳಿನ ಮೇಲೆ ಸಂಖ್ಯೆ ಬರೆಯುವವರು, ಈಜುವವರ ಪಕ್ಕದಲ್ಲಿ ಪುಟ್ಟ ದೋಣಿಯಲ್ಲಿ ಸಾಗುವವರು, ನೀರಿನಿಂದ ಎದ್ದು ಬಂದವರ ಕೈಗೆ ಸರಿಯಾದ ಚೀಲ ಕೊಡುವವರು, ಸೈಕಲ್ ಹಿಡಿದುಕೊಳ್ಳುವವರು, ಬಾಟಲಿ ಕೊಡುವವರು, ಕೊನೆಯ ಗೆರೆ ದಾಟಿದವರು ಕುಸಿಯದಂತೆ ತೋಳು ಚಾಚುವವರು.

ಇವೆಲ್ಲ ದೂರದಿಂದ ಸುಲಭವಾಗಿ ಕಾಣುತ್ತವೆ. ಬಾಟಲಿ ಕೊಡುವುದನ್ನೇ ನೋಡಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುವ ಸೈಕಲ್‌ನವನಿಗೆ ನಿಂತಲ್ಲೇ ಬಿಗಿಯಾಗಿ ಹಿಡಿದು ಚಾಚಿದರೆ ಅವನ ತೋಳಿಗೇ ಪೆಟ್ಟು. ಕೈಯಲ್ಲಿರುವುದು ನೀರೋ ಬಾಳೆಹಣ್ಣೋ ಎಂದು ಗಟ್ಟಿಯಾಗಿ ಕೂಗಬೇಕು, ಬಾಟಲಿಯ ಮೇಲ್ತುದಿಯನ್ನು ಬೆರಳ ತುದಿಯಲ್ಲಿ ಹಿಡಿದು ಅವನ ಜೊತೆ ನಾಲ್ಕು ಹೆಜ್ಜೆ ಓಡಬೇಕು, ಅವನ ಕೈ ತಾಗಿದೊಡನೆ ಬಿಡಬೇಕು.

ಇನ್ನು ಏನು ಕೊಡಬೇಕೆಂಬುದು. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿ ರಕ್ತಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ಶೇ 13ರಷ್ಟು ಜನರ ರಕ್ತದಲ್ಲಿ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಕೆಳಗಿತ್ತು. ಅಂಥವರಲ್ಲಿ ಬಹಳ ಜನ ಓಟದ ಉದ್ದಕ್ಕೂ ಬೇಕಾದದ್ದಕ್ಕಿಂತ ಹೆಚ್ಚು ಕುಡಿದು ತೂಕ ಏರಿಸಿಕೊಂಡವರು. ಬೆವರಿನಲ್ಲಿ ಉಪ್ಪು ಹೋಗುತ್ತದೆ. ಬರಿ ನೀರನ್ನೇ ಒತ್ತಾಯಿಸಿ ಕುಡಿಸಿದರೆ ಉಳಿದ ಉಪ್ಪೂ ತೆಳುವಾಗುತ್ತದೆ. ತಲೆ ತಿರುಗಿ, ಮಾತು ತೊದಲುವವನಿಗೆ ಮತ್ತೊಂದು ಚೊಂಬು ನೀರು ಕುಡಿಸುವುದು ಉಪಕಾರವಲ್ಲ. ಅವನು ವೈದ್ಯರ ಬಳಿ ಹೋಗಬೇಕು.

ಈ ತಿಳಿವಳಿಕೆಗೆ ನಮ್ಮ ಸೀಮೆಯಲ್ಲಿ ಬೇಕಾದ ಸಾಮಗ್ರಿಯಿದೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಇಂಡಿಯ ಲಿಂಬೆ, ಚಿಟಿಕೆ ಉಪ್ಪು, ತುಸು ಸಕ್ಕರೆ. ಉಪ್ಪು ಹಾಕಿದ ಮಜ್ಜಿಗೆ. ಬಿಳಿಜೋಳದ ರೊಟ್ಟಿಯ ಜೊತೆ ಶೇಂಗಾ ಹಿಂಡಿ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬೀಸ್ ಉಪ್ಪು, ಸಕ್ಕರೆ ಬೆರೆಸಿದ ನೀರಿನಿಂದ ಕಾಲರಾ ರೋಗಿಗಳ ಜೀವ ಉಳಿಸಿ ತೋರಿಸಿದರು. ಮನೆಯಲ್ಲಿ ಅದನ್ನು ಮಾಡುವ ಅಳತೆ ಸರಳ: ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕೊಡದ ಪಕ್ಕದಲ್ಲಿ ಈ ಅಳತೆಯನ್ನು ಬರೆದು ತೂಗುಹಾಕಿದರೆ ಅದೂ ಒಂದು ಸೇವೆ.

ಕೈ ಚಾಚುವುದು ಎಷ್ಟು ಮುಖ್ಯವೋ ತಡೆದುಕೊಳ್ಳುವುದೂ ಅಷ್ಟೇ ಮುಖ್ಯ. 1908ರ ಲಂಡನ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಮೊದಲಿಗನಾಗಿ ಕ್ರೀಡಾಂಗಣ ಹೊಕ್ಕು ಮತ್ತೆ ಮತ್ತೆ ಬಿದ್ದ. ಕನಿಕರದಿಂದ ಅಧಿಕಾರಿಗಳು ಎತ್ತಿ ನಿಲ್ಲಿಸಿದರು. ಆ ನೆರವಿನಿಂದಾಗಿಯೇ ಅವನ ಪದಕ ಹೋಯಿತು. ಪಾದಯಾತ್ರೆಯಲ್ಲೂ ಹರಕೆ ಹೊತ್ತವನ ಹೆಗಲಿನ ಕಂಬಿಗೆ ಕೇಳದೆ ಕೈ ಹಾಕುವಂತಿಲ್ಲ.

ಹಾಗಾದರೆ ಯಾವುದನ್ನು ಆರಿಸಲಿ?

ನನ್ನ ಉತ್ತರ ಇದು: ಮೊದಲು ನೀವು ನಿಲ್ಲುವ ಜಾಗವನ್ನು ನೋಡಿ, ಅಲ್ಲಿಗೆ ಬರುವ ಹೊತ್ತಿಗೆ ನಡೆಯುವವನ ಮೈಯಲ್ಲಿ ಏನು ಕಡಿಮೆಯಾಗಿರುತ್ತದೆಂದು ಯೋಚಿಸಿ. ನಿಮ್ಮ ಸೇವೆಯನ್ನು ಆ ದಾರಿಯೇ ಹೇಳುತ್ತದೆ.

ವಿಜಯಪುರದಿಂದ ಬಸವನ ಬಾಗೇವಾಡಿಗೆ ಸುಮಾರು 43 ಕಿ.ಮೀ., ಹೆಚ್ಚುಕಡಿಮೆ ಒಂದು ಮ್ಯಾರಥಾನ್. ನಸುಕಿನಲ್ಲಿ ಹೊರಟವನಿಗೆ ಮೊದಲ ಹತ್ತು ಕಿಲೋಮೀಟರ್‌ನಲ್ಲಿ ಉತ್ಸಾಹವೇ ಊಟ. ಅಲ್ಲಿ ಹುಗ್ಗಿ ಬಡಿಸಲು ನಿಂತರೆ ತಿನ್ನುವವರಿಲ್ಲ. ನಡುಮಧ್ಯಾಹ್ನ ಬಯಲಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರ ಬಂದಾಗ ಬೇಕಾದದ್ದು ನೆರಳು, ಮಜ್ಜಿಗೆ, ಅರ್ಧ ಗಂಟೆ ಕಾಲು ಚಾಚುವ ಜಾಗ. ಸಂಜೆ ಊರು ಮುಟ್ಟಿದವನಿಗೆ ಬಿಸಿನೀರು, ಎಣ್ಣೆ, ಬೊಬ್ಬೆಗೆ ಶುಚಿಯಾದ ಪಟ್ಟಿ. ಸಕ್ಕರೆ ಕಾಯಿಲೆಯವರಿಗೆ ಗಾಯವಾದದ್ದೇ ಗೊತ್ತಾಗುವುದಿಲ್ಲ. ಅವರ ಅಂಗಾಲನ್ನು ದೀಪ ಹಿಡಿದು ನೋಡುವವರು ಬೇಕು. ರಾತ್ರಿ ನಡೆಯುವವರ ಬೆನ್ನಿಗೆ ಹೊಳೆಯುವ ಪಟ್ಟಿ ಅಂಟಿಸುವ, ತಿರುವಿನಲ್ಲಿ ದೀಪ ಹಿಡಿದು ವಾಹನ ನಿಧಾನಗೊಳಿಸುವ ಒಬ್ಬ ಹುಡುಗ ಹತ್ತು ಅಡುಗೆಯವರಷ್ಟೇ ದೊಡ್ಡವನು.

ಆಮೇಲೆ ನಿಮ್ಮ ಕೈಯನ್ನು ನೋಡಿಕೊಳ್ಳಿ. ರೊಟ್ಟಿ ಬಡಿಯುವ ಕೈಯೋ, ಗಾಯ ಕಟ್ಟುವ ಕೈಯೋ, ಚಪ್ಪಲಿ ಹೊಲಿಯುವ ಕೈಯೋ. ಈಜು ಬಾರದವರು ನೀರಿನ ಕಾವಲಿಗೆ ಹೋಗಬಾರದು. ರಕ್ತ ಕಂಡರೆ ತಲೆ ತಿರುಗುವವರು ಔಷಧಿಯ ಡೇರೆಗೆ ಹೋಗಬಾರದು. ಹಾಗೆಂದು ಅಂಥವರಿಗೆ ಕೆಲಸವಿಲ್ಲವೆಂದಲ್ಲ: ಎಸೆದ ಲೋಟ, ಎಲೆ ಎತ್ತುವ ಕೆಲಸವನ್ನು ಯಾರೂ ಮೊದಲು ಕೇಳುವುದಿಲ್ಲ, ಅದಿಲ್ಲದಿದ್ದರೆ ಮುಂದಿನ ವರ್ಷ ಹೊಲದವನು ಜಾಗವನ್ನೇ ಕೊಡುವುದಿಲ್ಲ.

ಕಟ್ಟಕಡೆಗೆ, ಎಷ್ಟು ಹೊತ್ತು ನಿಲ್ಲಬಲ್ಲೆ ಎಂದು ಕೇಳಿಕೊಳ್ಳಿ. ಐರನ್‌ಮ್ಯಾನ್ ಸ್ಪರ್ಧೆಗೆ ಕೊಡುವ ಒಟ್ಟು ಕಾಲ 17 ಗಂಟೆ. ಗೆದ್ದವನು ಬರುವುದು ಹಗಲಲ್ಲಿ, ಕ್ಯಾಮೆರಾಗಳ ಮುಂದೆ. ಕೊನೆಯವನು ಬರುವುದು ನಡುರಾತ್ರಿಯ ಹತ್ತಿರ. ಅವನಿಗೂ ನೀರು ಅಷ್ಟೇ ತಂಪಾಗಿರಬೇಕು.

ಮುದ್ದೇಬಿಹಾಳದ ದಾರಿಯಲ್ಲಿ ಇದನ್ನು ಯಾರೂ ನಿಯಮವೆಂದು ಬರೆದಿಟ್ಟಿಲ್ಲ. ದೊಡ್ಡ ಗುಂಪುಗಳು ದಾಟಿ, ಜಯಘೋಷ ದೂರವಾಗಿ, ರಸ್ತೆ ಮತ್ತೆ ಲಾರಿಗಳದ್ದಾದ ಮೇಲೂ ತಾಡಪತ್ರಿಯ ಕೆಳಗೆ ಒಬ್ಬರಿಬ್ಬರು ಕುಳಿತಿರುತ್ತಾರೆ. ಹಿಂದೆ ಒಬ್ಬ ಅಜ್ಜಿ ಕುಂಟುತ್ತ ಬರುತ್ತಿದ್ದಾಳೆಂದು ದಾಟಿದವರು ಯಾರೋ ಹೇಳಿರುತ್ತಾರೆ. ಅವಳ ಪಾಲಿನ ಎರಡು ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದೆ, ಕೊಡದ ತಳದಲ್ಲಿ ನೀರು ಉಳಿಸಿದೆ. ಅವಳು ಬಂದು, ಕುಡಿದು, ಮಲ್ಲಯ್ಯ ಎಂದು ಮುಂದೆ ಹೆಜ್ಜೆಯಿಟ್ಟ ಮೇಲೆಯೇ ಅವರು ಗೂಟ ಕೀಳುವುದು.