ನಗರಭೇದವೂ ಮೊಬೈಲು ಆ್ಯಪುಗಳ ಬಳಕೆಯೂ

ಮೊಬೈಲು ಫೋನು ಎಲ್ಲ ನಗರಗಳಲ್ಲಿಯೂ ಒಂದೇ ತೆರನಾದ ಯಂತ್ರ. ಆದರೆ ಅದರೊಳಗಿನ ಆ್ಯಪುಗಳ ಬಳಕೆ ಮಾತ್ರ ಊರಿಂದೂರಿಗೆ ಬೇರೆ. ಈ ಭೇದಕ್ಕೆ ಜನರ ಬುದ್ಧಿಯ ಹೆಚ್ಚುಕಡಿಮೆಯೇ ಕಾರಣವೆಂದು ಬಗೆಯುವುದು ಸರಿಯಲ್ಲ. ಊರಿನ ರಚನೆ, ಅಲ್ಲಿನ ಕೊರತೆ, ಜನರ ನುಡಿ ಈ ಮೂರನ್ನು ಪರಿಶೀಲಿಸಿದರೆ ಕಾರಣವು ಬಹುಮಟ್ಟಿಗೆ ತಿಳಿಯುತ್ತದೆ.

ಮೊದಲನೆಯದು ರಚನೆ. ಮುಂಬಯಿಯು ಉತ್ತರ ದಕ್ಷಿಣವಾಗಿ ಉದ್ದಕ್ಕೆ ಚಾಚಿದ ನಗರ. ಲೋಕಲ್ ರೈಲೇ ಅದರ ಜೀವನಾಡಿ. ಆದಕಾರಣ ರೈಲಿನ ವೇಳೆಯನ್ನು ತಿಳಿಸುವ ‘ಎಂ-ಇಂಡಿಕೇಟರ್’ ಅಲ್ಲಿ ಮನೆಮಾತಾಯಿತು. ಬೆಂಗಳೂರಿನಲ್ಲಿ ಅಂತಹ ರೈಲುಜಾಲ ಬೆಳೆದಿರಲಿಲ್ಲ. ಆಟೋರಿಕ್ಷಾದ ಆಸರೆ ಹೆಚ್ಚು. 2022ರಲ್ಲಿ ಅಲ್ಲಿ ಹುಟ್ಟಿದ ‘ನಮ್ಮ ಯಾತ್ರಿ’ಯಲ್ಲಿ ಪ್ರಯಾಣಿಕನು ಬಾಡಿಗೆಯನ್ನು ನೇರವಾಗಿ ಚಾಲಕನ ಕೈಗೇ ಕೊಡುತ್ತಾನೆ. ಇಂಡೊನೇಷ್ಯದ ಜಕಾರ್ತದಲ್ಲಿ ವಾಹನಗಳ ದಟ್ಟಣೆಯ ನಡುವೆ ನುಸುಳಬಲ್ಲುದು ಬಾಡಿಗೆಯ ಮೋಟಾರು ಸೈಕಲ್ಲು. ಅದನ್ನು 2010ರಿಂದ ಫೋನು ಕರೆಯ ಮೂಲಕ ಒದಗಿಸುತ್ತಿದ್ದ ‘ಗೋಜೆಕ್’ ಸಂಸ್ಥೆಯು 2015ರಲ್ಲಿ ಆ್ಯಪನ್ನು ತಂದಿತು. ಮೂರು ನಗರಗಳ ಅಗತ್ಯವೂ ಸಂಚಾರವೇ. ಸಾಧನ ಮಾತ್ರ ಬೇರೆ.

ಎರಡನೆಯದು ಕೊರತೆ. ಕೀನ್ಯದಲ್ಲಿ ಬ್ಯಾಂಕು ಖಾತೆ ಇಲ್ಲದವರೇ ಬಹುಮಂದಿ ಇದ್ದಾಗ, 2007ರಲ್ಲಿ ‘ಎಂ-ಪೆಸಾ’ ಬಂತು. ನೈರೋಬಿಯಲ್ಲಿ ದುಡಿಯುವವನು ಅಂಗಡಿಯ ಏಜೆಂಟನಿಗೆ ನಗದು ಕೊಟ್ಟು, ಸಾಮಾನ್ಯ ಫೋನಿನಿಂದಲೇ ಹಳ್ಳಿಯ ಮನೆಗೆ ಹಣ ಕಳುಹಿಸತೊಡಗಿದನು. ನಮ್ಮ ದೇಶದಲ್ಲಿ 2014ರ ಜನಧನ ಯೋಜನೆಯಿಂದ ಖಾತೆಗಳು ಹೆಚ್ಚಿದ್ದವು. ಖಾತೆಯಿಂದ ಖಾತೆಗೆ ಸುಲಭವಾದ ದಾರಿ ಇರಲಿಲ್ಲ. 2016ರಲ್ಲಿ ಬಂದ ಯುಪಿಐ ಆ ದಾರಿಯನ್ನು ತೆರೆಯಿತು. ಇಂದು ಹೂವಾಡಗಿತ್ತಿಯ ಬುಟ್ಟಿಯ ಬಳಿಯೂ ಅದರ ಚೌಕದ ಗುರುತನ್ನು ಕಾಣಬಹುದು.

ಮೂರನೆಯದು ನುಡಿ. ಗಡಿನಾಡಿನ ಉಪಾಧ್ಯಾಯ ಬಂಧುಗಳು ವಿಶೇಷವಾಗಿ ಗಮನಿಸತಕ್ಕ ಸಂಗತಿ ಇಲ್ಲಿದೆ. ಬಳಕೆಯ ಲೆಕ್ಕವನ್ನು ನಗರವಾರಾಗಿ ತೆಗೆದಾಗ ಸೊಲ್ಲಾಪುರದ ಕನ್ನಡಿಗನು ಮಹಾರಾಷ್ಟ್ರದ ಮೊತ್ತದಲ್ಲಿಯೂ, ಕಾಸರಗೋಡಿನವನು ಕೇರಳದ ಮೊತ್ತದಲ್ಲಿಯೂ ಕರಗಿಹೋಗುವನು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಅಥವಾ ಮಲಯಾಳ, ಫೋನಿನಲ್ಲಿ ಇಂಗ್ಲಿಷು ಎಂಬ ಈ ಸ್ಥಿತಿಯು ಸರಾಸರಿಯಲ್ಲಿ ಕಾಣದು. ಕನ್ನಡವನ್ನು ಆರಿಸಿದವರೇ ಆ ಊರಿನಲ್ಲಿಲ್ಲವೆಂದು ಅಂಕಿಗಳು ಹೇಳಿದರೆ, ಅಲ್ಲಿಗೆ ಕನ್ನಡ ಬೇಕೆಂದು ಆ್ಯಪು ತಯಾರಿಸುವವರಿಗೆ ತೋರುವುದಾದರೂ ಹೇಗೆ? ‘ಭೀಮ್’ ಆ್ಯಪಿನಲ್ಲಿ ಕನ್ನಡವುಂಟು. ಅದನ್ನು ಆರಿಸುವ ಕೈ ಬೇಕು.

ಆದ್ದರಿಂದ ಪ್ರೌಢಶಾಲೆಯ ಗಣಿತದ ಪಾಠದಲ್ಲಿ ಒಂದು ಪ್ರಯೋಗವನ್ನು ಮಾಡಬಹುದು. ಮನೆಯವರು ಯಾವ ಆ್ಯಪನ್ನು, ಯಾವ ಕೆಲಸಕ್ಕೆ, ಯಾವ ನುಡಿಯಲ್ಲಿ ಬಳಸುವರೆಂಬುದನ್ನು ಮಕ್ಕಳು ಹೆಸರಿಲ್ಲದೆ ಬರೆದು ತರಲಿ. ಫೋನಿನಲ್ಲಿ ಇರುವುದು ಬೇರೆ, ನಿತ್ಯ ಬಳಸುವುದು ಬೇರೆ; ಎರಡನ್ನೂ ಪ್ರತ್ಯೇಕವಾಗಿ ಎಣಿಸಲಿ. ಮೊತ್ತವನ್ನು ಊರುವಾರು ಒಮ್ಮೆ, ಮನೆಮಾತಿನ ಪ್ರಕಾರ ಇನ್ನೊಮ್ಮೆ ಕೂಡಿಸಲಿ. ಒಂದೇ ಅಂಕಿಗಳು ಎರಡು ಬಗೆಯ ಅರ್ಥ ಕೊಡುವುದನ್ನು ಮಕ್ಕಳು ತಾವೇ ಕಾಣುವರು; ಎಣಿಕೆಯಲ್ಲಿ ತಮ್ಮ ಮನೆಯ ನುಡಿ ಎಲ್ಲಿ ಅಡಗಿತ್ತೆಂಬುದನ್ನೂ ಅರಿಯುವರು.